ಬಳ್ಳಾರಿಯಿಂದ ರಾಯಚೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು?

ಈ ಪ್ರಶ್ನೆಯನ್ನು ಮೊಬೈಲ್‌ನಲ್ಲಿ ಹುಡುಕಿದರೆ ಹತ್ತು ನಿಮಿಷ, ಹದಿನೈದು ನಿಮಿಷ ಅಂತೆಲ್ಲ ಉತ್ತರ ಸಿಗುತ್ತದೆ. ಆದರೆ ಈ ಎರಡು ಊರುಗಳ ನಡುವೆ ವಿಮಾನವೇ ಓಡುವುದಿಲ್ಲ!

ನಾನು ಬಳ್ಳಾರಿ ಬಸ್ ಸ್ಟ್ಯಾಂಡ್ ಹತ್ತಿರ ಟಿಕೆಟ್ ಬುಕಿಂಗ್ ಅಂಗಡಿ ಇಟ್ಟವನು. ಆ ನಿಮಿಷಗಳನ್ನು ನಂಬಿ ಬರುವವರನ್ನು ನೋಡಿದರೆ ಸಂಕಟವಾಗುತ್ತದೆ. ಮೊನ್ನೆ ಒಬ್ಬ ತಾಯಿ ಬಂದಿದ್ದರು. ಮಗಳಿಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಬೆಳಿಗ್ಗೆ ಹತ್ತಕ್ಕೆ ಕೆಲಸ ಇತ್ತು. "ಅಣ್ಣಾ, ಒಂಬತ್ತರ ವಿಮಾನಕ್ಕೆ ಎರಡು ಟಿಕೆಟ್ ಮಾಡಿಕೊಡ್ರಿ" ಅಂದರು. "ಅಂಥ ವಿಮಾನ ಇಲ್ಲಮ್ಮಾ, ನಸುಕಿಗೇ ಎದ್ದು ಬಸ್ ಹಿಡೀರಿ" ಅಂದೆ. ಅವರ ಮುಖ ಸಪ್ಪಗಾಯಿತು.

ಲೆಕ್ಕ ಹೇಗೆ ಬರುತ್ತದೆ ಅಂದರೆ, ನಕ್ಷೆಯ ಮೇಲೆ ಎರಡೂ ಊರಿಗೆ ನೇರ ಗೆರೆ ಎಳೆದರೆ ಸುಮಾರು 127 ಕಿಲೋಮೀಟರ್. ಅದನ್ನು ದೊಡ್ಡ ಜೆಟ್ ವಿಮಾನದ ವೇಗ, ಅಂದರೆ ಗಂಟೆಗೆ 800 ಕಿಲೋಮೀಟರಿನಿಂದ ಭಾಗಿಸಿದರೆ ಹತ್ತು ನಿಮಿಷವೂ ಆಗದು. ಆದರೆ ನಮ್ಮಂಥ ಊರುಗಳಿಗೆ ಬರುವುದು ಎಟಿಆರ್‌ನಂಥ ಸಣ್ಣ ವಿಮಾನ. ಅದರ ವೇಗ 500ರ ಆಸುಪಾಸು. ಅದೂ ಮೇಲೆ ಏರಿದ ಮೇಲೆ. ಇಷ್ಟು ಹತ್ತಿರದ ಊರಿಗಾದರೆ ಏರುವಷ್ಟರಲ್ಲೇ ಇಳಿಯಲು ಶುರು ಮಾಡಬೇಕು. ವೇಗ ತೋರಿಸಲು ಜಾಗವೇ ಇರುವುದಿಲ್ಲ.

ಇನ್ನು ನೆಲದ ಮೇಲಿನ ಹೊತ್ತು. ಬಳ್ಳಾರಿಯವರ ವಿಮಾನ ನಿಲ್ದಾಣ ಇರುವುದು ತೋರಣಗಲ್ಲಿನ ವಿದ್ಯಾನಗರದಲ್ಲಿ, ಊರಿಂದ ಸುಮಾರು 30 ಕಿಲೋಮೀಟರ್. ಅದೂ ಹೊಸಪೇಟೆ ಕಡೆಗೆ. ಅಂದರೆ ರಾಯಚೂರಿಗೆ ಹೋಗಲು ಮೊದಲು ಪಶ್ಚಿಮಕ್ಕೆ ಓಡಬೇಕು! ವಿಮಾನ ಹೊರಡುವ ಒಂದು ಗಂಟೆ ಮೊದಲೇ ಅಲ್ಲಿರಬೇಕು. ತಪಾಸಣೆ, ಸಾಲು, ಆಮೇಲೆ ಇಳಿದ ಊರಲ್ಲಿ ಆಟೋ. ಬೆಂಗಳೂರಿಗಾದರೆ ಇದೆಲ್ಲ ಲಾಭವೇ. ರಸ್ತೆಯಲ್ಲಿ 300 ಕಿಲೋಮೀಟರಿಗೂ ಜಾಸ್ತಿ ದೂರ ಅಲ್ವಾ? ರಾಯಚೂರಿಗೆ ಅಲ್ಲ.

ನೆಲದ ದಾರಿಯಲ್ಲೂ ಆ 127 ಸಿಗುವುದಿಲ್ಲ. ರೈಲು ಮಾರ್ಗವನ್ನು ನಕ್ಷೆಯಲ್ಲಿ ನೋಡಿ, ಬಡಗಿಯ ಮೂಲೆಮಟ್ಟ ಇಟ್ಟ ಹಾಗಿದೆ. ಬಳ್ಳಾರಿಯಿಂದ ಪೂರ್ವಕ್ಕೆ ಗುಂತಕಲ್. ಅಲ್ಲಿಂದ ಆದೋನಿ, ಮಂತ್ರಾಲಯ ರೋಡ್ ಸ್ಟೇಷನ್‌ಗಳ ಮೇಲೆ ಉತ್ತರಕ್ಕೆ ರಾಯಚೂರು. ರಸ್ತೆಯಲ್ಲಾದರೆ ಸಿರುಗುಪ್ಪ, ಸಿಂಧನೂರು, ಮಾನ್ವಿ. ನಡುವೆ ತುಂಗಭದ್ರೆ. ಹೊಳೆಯನ್ನು ಸೇತುವೆ ಇದ್ದ ಕಡೆಯೇ ದಾಟಬೇಕು, ಗೆರೆ ಎಳೆದ ಕಡೆ ಅಲ್ಲ. ಹಾಗಾಗಿ 170ರ ಹತ್ತಿರ ಬರುತ್ತದೆ. ಬಸ್ಸಿಗೆ ನಾಲ್ಕು ಗಂಟೆಯಾದರೂ ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ರಾಯಚೂರಿಗೆ ಯರಮರಸ್‌ನಲ್ಲಿ ವಿಮಾನ ನಿಲ್ದಾಣ ಬೇಕೇ ಬೇಕು. ಆದರೆ ಅದು ಬೆಂಗಳೂರು, ಮುಂಬೈ, ದೆಹಲಿಗೆ ಕೂಡಿಸಲಿ. ನಮ್ಮ ನಮ್ಮ ನಡುವೆ ಬೇಕಾಗಿರುವುದು ಒಳ್ಳೆ ರಸ್ತೆ, ನಸುಕಿನಲ್ಲಿ ಇನ್ನೂ ನಾಲ್ಕು ಬಸ್ಸು.

ಸುಮ್ನೆ ಗಂಟೆ ಲೆಕ್ಕ ಹಾಕಿ ಕೊನೆ ಗಳಿಗೆಯಲ್ಲಿ ಹೊರಡಬೇಡಿ. ಭತ್ತದ ಕೊಯ್ಲಿನ ಕಾಲದಲ್ಲಿ ಸಿರುಗುಪ್ಪದಿಂದ ಸಿಂಧನೂರಿನವರೆಗೆ ಟ್ರ್ಯಾಕ್ಟರ್, ಲಾರಿ, ಕೊಯ್ಲಿನ ಮಷಿನ್ ಎಲ್ಲ ರಸ್ತೆ ಮೇಲೇ ಇರುತ್ತವೆ. ಆಗ ಇನ್ನೊಂದು ಅರ್ಧ ಗಂಟೆ ಸೇರಿಸಿಕೊಳ್ಳಿ.