ಹಲಗೆ ಎತ್ತುವ ಮುಂಚಿನ ಭಾನುವಾರ

ಕಿಂಡಿ ಅಣೆಕಟ್ಟಿಗೆ, ಅಂದರೆ ಹೊಳೆಗೆ ಅಡ್ಡ ನಿಲ್ಲಿಸಿದ ಕಂಬಗಳ ನಡುವಿನ ಕಿಂಡಿಗಳಿಗೆ, ಡಿಸೆಂಬರಿನ ಹೊತ್ತಿಗೆ ಮರದ ಹಲಗೆ ಇಳಿಸುತ್ತಾರೆ, ಮೇ ಕೊನೆಗೆ ಎತ್ತುತ್ತಾರೆ. ನಡುವಿನ ತಿಂಗಳುಗಳಲ್ಲಿ ಹೊಳೆ ನಿಂತ ನೀರು. ಅಡಿಕೆ ತೋಟಕ್ಕೆ ಅದು ಜೀವ, ಕಸಕ್ಕೆ ಗೋದಾಮು. ಮಡಿಕೇರಿಯಿಂದ ಸಂಪಾಜೆಗೆ ಘಾಟಿ ಇಳಿಯುವ ರಸ್ತೆಯ ಬದಿಯಲ್ಲಿ ಬಿದ್ದದ್ದೆಲ್ಲ ಮೊದಲು ಕಾಫಿ ಹೂ ಅರಳಿಸುವ ಹೂಮಳೆಗೆ, ಆಮೇಲೆ ಮೇ ಮಳೆಗೆ ತೋಡಿಗಿಳಿದು, ತೋಡಿನಿಂದ ಪಯಸ್ವಿನಿಗೆ ಬಂದು ಹಲಗೆಯ ಹಿಂದೆ ನಿಲ್ಲುತ್ತದೆ. ಹಲಗೆ ಎತ್ತಿದ ದಿನ ಅಷ್ಟೂ ಒಟ್ಟಿಗೆ ಸುಳ್ಯದ ಕಡೆಗೆ ಹೊರಡುತ್ತದೆ. ಹಾಗಾಗಿ ಈ ಹೊಳೆಯಲ್ಲಿ ಕಸ ತೆಗೆಯಲು ವರ್ಷಕ್ಕೆ ಒಂದೇ ಸರಿಯಾದ ದಿನ: ಹಲಗೆ ಎತ್ತುವುದರ ಹಿಂದಿನ ದಿನ. ಅಕ್ಟೋಬರಿನಲ್ಲಿ ಬ್ಯಾನರ್ ಕಟ್ಟಿ ಮಾಡುವ ಸ್ವಚ್ಛತಾ ಕಾರ್ಯಕ್ರಮ ಫೋಟೋಕ್ಕೆ ಚೆನ್ನ. ಅಷ್ಟರಲ್ಲಿ ಕಸ ಕಡಲು ಸೇರಿ ನಾಲ್ಕು ತಿಂಗಳಾಗಿರುತ್ತದೆ.

ಕೊಡಗಿನ ಹೊಳೆ ಅಂದರೆ ಕಾವೇರಿ, ಅದು ಮೂಡಣಕ್ಕೆ ಹರಿಯುತ್ತದೆ ಅಂತಲೇ ಹೆಚ್ಚಿನವರ ಲೆಕ್ಕ. ಆದರೆ ಬೆಟ್ಟದ ಪಡುವಣ ಮಗ್ಗುಲಿನ ನೀರು ಕರಾವಳಿಯದು. ಪಯಸ್ವಿನಿ ಸುಳ್ಯ ದಾಟಿ ಚಂದ್ರಗಿರಿ ಎಂಬ ಹೆಸರು ಹೊತ್ತು ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. ಪುಷ್ಪಗಿರಿ ಸೀಮೆಯ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ, ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟು ಹಾದು ಹೋಗುತ್ತದೆ. ಬರಪೊಳೆ ಕಣ್ಣೂರಿನ ಕಡೆಗೆ. ಘಾಟಿಯಲ್ಲಿ ಕಾರು ನಿಲ್ಲಿಸಿ ಎಸೆದ ಚಿಪ್ಸ್ ಪ್ಯಾಕೆಟ್ಟು ಮೂರು ಊರುಗಳ ಪೈಕಿ ಯಾವುದರ ಅಳಿವೆಗೆ ಹೋಗಬೇಕೆಂದು ತೀರ್ಮಾನಿಸುವುದು ಅದು ಬಿದ್ದ ತೋಡು.

ಆ ಭಾನುವಾರ ಬೆಳಿಗ್ಗೆ ಏಳಕ್ಕೆ ಶುರು. ಹನ್ನೆರಡು ಜನ, ಗಮ್‌ಬೂಟು, ರಬ್ಬರ್ ಗ್ಲೌಸು, ತೊಳೆದ ಗೊಬ್ಬರದ ಚೀಲ, ಎರಡು ದೋಟಿ (ತುದಿಗೆ ಕೊಕ್ಕೆಯಿರುವ ಉದ್ದ ಕೋಲು), ಹಗ್ಗ, ಕತ್ತಿ, ಜಿಗಣೆಗೆ ಉಪ್ಪು-ಸುಣ್ಣದ ಗಂಟು. ಗೋಣಿಚೀಲ ಬೇಡ, ನೀರು ಕುಡಿದು ಕಸಕ್ಕಿಂತ ಚೀಲವೇ ಭಾರವಾಗುತ್ತದೆ. ಗೊಬ್ಬರದ ಚೀಲದ ತಳಕ್ಕೆ ನಾಲ್ಕು ತೂತು ಕೊಟ್ಟರೆ ನೀರು ಅಲ್ಲೇ ಬಸಿಯುತ್ತದೆ.

ಮೊದಲ ಕೆಲಸ ಕಸಕ್ಕೆ ಕೈ ಹಾಕುವುದಲ್ಲ, ಅಣೆಕಟ್ಟಿನ ಕೆಳಗೆ ಬಲೆ ಕಟ್ಟುವುದು. ಹೊಳೆಗೆ ನೇರ ಅಡ್ಡ ಕಟ್ಟಿದರೆ ಕಸ ನಟ್ಟನಡುವೆ ಗುಡ್ಡೆಯಾಗಿ ಬಲೆ ಜೋಲುತ್ತದೆ, ಅಡಿಯಿಂದ ಎಲ್ಲ ನುಸುಳುತ್ತದೆ. ಓರೆಯಾಗಿ ಕಟ್ಟಬೇಕು: ಆಚೆ ದಡದ ತುದಿ ಮೇಲಕ್ಕೆ, ರಸ್ತೆ ಇರುವ ದಡದ ತುದಿ ಕೆಳಕ್ಕೆ. ಆಗ ಹರಿವೇ ಕಸವನ್ನು ಬಲೆಗುಂಟ ಜಾರಿಸಿ ಚೀಲ ಹಿಡಿದವರ ಕಾಲಬುಡಕ್ಕೆ ತರುತ್ತದೆ. ನರ್ಸರಿಯ ಹಸಿರು ಶೇಡ್ ನೆಟ್ ಸುಲಭವಾಗಿ ಸಿಗುತ್ತದೆಂದು ಅದನ್ನೇ ಕಟ್ಟುವವರಿದ್ದಾರೆ. ಅದರ ಕಣ್ಣು ಸಣ್ಣದು, ಬೇಗನೆ ತರಗೆಲೆ ಮುಚ್ಚಿಕೊಂಡು ಬಲೆ ಗೋಡೆಯಾಗುತ್ತದೆ, ಹಗ್ಗ ಹರಿಯುತ್ತದೆ. ಒಂದು ಇಂಚು ಕಣ್ಣಿನ ನೈಲಾನ್ ಬಲೆ ಸಾಕು. ಮೇಲಂಚಿಗೆ ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೆಳಅಂಚಿಗೆ ಕಲ್ಲು. ಇದೆಲ್ಲ ಬೇಸಿಗೆಯ ಹರಿವಿಗೆ ಮಾತ್ರ. ಜೂನಿನಲ್ಲಿ ನೀರಿನ ಓಟ ಮನುಷ್ಯ ನಡೆಯುವಷ್ಟು ಜೋರಾಯಿತೆಂದರೆ ತೇಲುವ ಕಸವೂ ಮುಳುಗು ಹಾಕಿ ಅಡಿಯಿಂದ ಹೋಗುತ್ತದೆ.

ಆಮೇಲೆ ಮೇಲಿನ ನಿಂತ ನೀರು. ಗಾಳಿ ತೇಲುವುದನ್ನೆಲ್ಲ ಒಂದೇ ದಡಕ್ಕೆ ದೂಡಿರುತ್ತದೆ, ಅಲ್ಲಿಂದ ದೋಟಿಯಲ್ಲಿ ಎಳೆದರಾಯಿತು. ಮುಚ್ಚಳ ಬಿಗಿದ ನೀರಿನ ಬಾಟಲಿ, ಥರ್ಮಾಕೋಲ್ ತಟ್ಟೆ, ಚಪ್ಪಲಿ. ಮುಚ್ಚಳ ತೆಗೆದ ಬಾಟಲಿ ಇಲ್ಲಿ ಸಿಗುವುದಿಲ್ಲ. ಬಾಟಲಿಯ ಪ್ಲಾಸ್ಟಿಕ್ ನೀರಿಗಿಂತ ಭಾರ, ಒಳಗೆ ನೀರು ತುಂಬಿದರೆ ತಳ ಹಿಡಿಯುತ್ತದೆ. ಮುಚ್ಚಳದ ಪ್ಲಾಸ್ಟಿಕ್ ಬೇರೆ ಜಾತಿ, ನೀರಿಗಿಂತ ಹಗುರ. ಅದೊಂದೇ ತೇಲಿಕೊಂಡು ಕಡಲ ತನಕ ಹೋಗುತ್ತದೆ. ಮರಳಿನ ಮೇಲೆ ಮುಚ್ಚಳಗಳೇ ಎದ್ದು ಕಾಣುವುದಕ್ಕೆ ಇದೂ ಒಂದು ಕಾರಣ.

ತಳದ್ದಕ್ಕೆ ಉಪಾಯ ಬೇರೆ. ಮೇಲಿನ ಒಂದು ಹಲಗೆಯನ್ನಷ್ಟೇ ಎತ್ತಿ ಮುಕ್ಕಾಲು ಗಂಟೆ ಬಿಟ್ಟರೆ ನೀರು ನಿಧಾನಕ್ಕೆ ಇಳಿದು ದಡದ ಕೆಸರು ಬಯಲಾಗುತ್ತದೆ. ಅವಸರಕ್ಕೆ ಎರಡು ಮೂರು ಒಟ್ಟಿಗೆ ಎತ್ತಿದರೆ ಕೆಸರೂ ಕಸವೂ ಸೇರಿ ನುಗ್ಗುತ್ತದೆ, ಬೆಳಗಿನಿಂದ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಆ ಕೆಸರಿನಲ್ಲಿ ಸಿಕ್ಕಿದವು: ತೊಂಬತ್ತು ಮಿ.ಲೀ. ಮದ್ಯದ ಟೆಟ್ರಾ ಪ್ಯಾಕೆಟ್ಟುಗಳು, ಒಡೆದ ಬಿಯರ್ ಬಾಟಲಿ, ಮೈಲುತುತ್ತಿನ ಚೀಲ, ಡಯಾಪರ್. ಡಯಾಪರನ್ನು ಅಂಚು ಹಿಡಿದು ಎತ್ತಬಾರದು. ಒಳಗಿನ ಪುಡಿ ನೀರು ಕುಡಿದು ಸಾಬಕ್ಕಿ ಗಂಜಿಯ ಹಾಗಾಗಿರುತ್ತದೆ, ಹರಿದರೆ ಅಷ್ಟೂ ಹೊಳೆಗೆ. ಬುಟ್ಟಿಯನ್ನು ಅಡಿಗೆ ತೂರಿಸಿ ಇಡಿಯಾಗಿ ಎತ್ತಬೇಕು.

ಕಿಂಡಿಯ ಕಂಬಕ್ಕೆ ಪಾಲಿಯೆಸ್ಟರ್ ಸೀರೆಯೊಂದು ಮೂರು ಸುತ್ತು ಸುತ್ತಿಕೊಂಡಿತ್ತು. ನೋಡಲು ಸಣ್ಣದು. ಆದರೆ ಮಳೆಗಾಲದಲ್ಲಿ ಮೊದಲ ಕೊಂಬೆ ಸಿಕ್ಕಿಕೊಳ್ಳುವುದು ಅಂಥದ್ದಕ್ಕೇ, ಕೊಂಬೆಗೆ ದಿಮ್ಮಿ, ದಿಮ್ಮಿಗೆ ಇನ್ನೊಂದು. ಕಿಂಡಿ ಕಟ್ಟಿತೆಂದರೆ ಹೊಳೆ ಪಕ್ಕದ ತೋಟದಲ್ಲಿ ದಾರಿ ಮಾಡಿಕೊಳ್ಳುತ್ತದೆ. ಕತ್ತಿಯಲ್ಲಿ ಕೊಯ್ದು ತೆಗೆಯುವುದಕ್ಕೆ ಇಬ್ಬರಿಗೆ ಅರ್ಧ ಗಂಟೆ ಹಿಡಿಯಿತು. ಮಿಂದು ಉಟ್ಟ ಬಟ್ಟೆ ಬಿಟ್ಟು ಹೋಗುವ ರೂಢಿ ಸ್ನಾನಘಟ್ಟವಿರುವ ಕ್ಷೇತ್ರಗಳಲ್ಲೆಲ್ಲ ಇದೆ. ತೀರ್ಥಕ್ಷೇತ್ರದ ನೀರಿನ 500 ಮೀಟರ್ ಒಳಗೆ ಸೋಪು-ಶಾಂಪೂ ಮಾರಬಾರದು, ಬಟ್ಟೆ ಬಿಡುವುದನ್ನು ತಡೆಯಬೇಕು ಎಂದು 2025ರ ಮಾರ್ಚಿನಲ್ಲಿ ರಾಜ್ಯದ ಅರಣ್ಯ-ಪರಿಸರ ಸಚಿವರು ಸೂಚನೆ ಕೊಟ್ಟದ್ದುಂಟು. ಸ್ನಾನಘಟ್ಟದಲ್ಲಿ ಕಾಯುವ ಆಳಿಲ್ಲದಿದ್ದರೆ ಸೂಚನೆ ಫಲಕದಲ್ಲೇ ಉಳಿಯುತ್ತದೆ.

ಎಲ್ಲವನ್ನೂ ಪ್ರವಾಸಿಗರ ತಲೆಗೆ ಕಟ್ಟುವುದು ನಮ್ಮಲ್ಲೊಂದು ಚಟ. ಚೀಲ ಬಿಡಿಸಿದರೆ ಬೇರೆ ಕತೆ. ಗಂಟು ಕಟ್ಟಿ ಸೇತುವೆಯಿಂದ ಎಸೆದ ಕೋಳಿಪುಕ್ಕ-ಕರುಳಿನ ಚೀಲ ಯಾವ ಬೆಂಗಳೂರಿನ ಕಾರಿನದೂ ಅಲ್ಲ.

“ಅಕ್ಕ, ಇದು ನಮ್ಮ ಗೆಸ್ಟಿನವರದ್ದಲ್ಲ,” ಎಂದು ಹತ್ತಿರದ ಹೋಂಸ್ಟೇಯ ಹುಡುಗ ತಾನಾಗಿಯೇ ಬಂದು ಹೇಳಿದ.

“ಆಯ್ತು ಮಾರಾಯ, ಯಾರದ್ದಾದ್ರೂ ಆಗಲಿ, ಆ ಚೀಲದ ಬಾಯಿ ಸ್ವಲ್ಪ ಹಿಡಿ,” ಎಂದರು ಕಸ ಎತ್ತುತ್ತಿದ್ದ ಪಂಚಾಯಿತಿಯ ಅಕ್ಕ. ಹಿಡಿದ.

ಹೋಂಸ್ಟೇಗಳ ಲೆಕ್ಕ ಕಣ್ಣಿಗೆ ಕಾಣುವ ಕಸದಲ್ಲಿ ಮುಗಿಯುವುದಿಲ್ಲ. ಎರಡು ಕೋಣೆಯ ಮನೆಗೆ ತೋಡಿದ ಇಂಗುಗುಂಡಿಗೆ ಆರು ಕೋಣೆಯ ನೀರು ಬಿಟ್ಟರೆ, ಜುಲೈಯಲ್ಲಿ ನೆಲದ ನೀರು ಮೇಲೆ ಬಂದಾಗ ಗುಂಡಿ ಇಂಗುವುದಿಲ್ಲ, ಉಕ್ಕುತ್ತದೆ. ಸ್ನಾನಕ್ಕೆ ತಕ್ಕ ನೀರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ 100 ಮಿ.ಲೀ.ಗೆ 500ಕ್ಕಿಂತ ಹೆಚ್ಚು ಕೋಲಿಫಾರ್ಮ್ (ಮಲ ಬೆರೆತದ್ದರ ಸುಳಿವು ಕೊಡುವ ಬ್ಯಾಕ್ಟೀರಿಯಾ) ಇರಬಾರದು, ಬಿಒಡಿ (ನೀರಿನ ಕೊಳೆ ಕೊಳೆಯುವಾಗ ಹೀರುವ ಆಮ್ಲಜನಕ) ಲೀಟರಿಗೆ 3 ಮಿ.ಗ್ರಾಂ. ಮೀರಬಾರದು ಎಂಬುದು. ಕನ್ನಡಿಯಂಥ ತಿಳಿನೀರೂ ಈ ಅಳತೆಯಲ್ಲಿ ಸೋಲಬಹುದು.

ಕೆಳಗೆ ಇದರ ಬೆಲೆ ತೆರುವವರು ಬೇರೆ. ಅಳಿವೆಯಲ್ಲಿ ದಿನಕ್ಕೆರಡು ಸಲ ಕಡಲು ಮೇಲೇರುವುದರಿಂದ ಹೊಳೆಯ ಕಸ ನೇರ ಕಡಲಿಗೆ ಹೋಗಿ ಮಾಯವಾಗುವುದಿಲ್ಲ. ಹಿಂದೆ ಮುಂದೆ ಜೀಕಾಡಿ, ಅಳಿವೆಯಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಬೇರಿಗೆ ತಗಲಿ, ಭರತದ ಗೆರೆಗುಂಟ ಮರಳಿನ ಮೇಲೆ ಮಾಲೆಯಾಗುತ್ತದೆ. ಚಂದ್ರಗಿರಿ ಕೋಟೆ ನೋಡಿ ದೋಣಿ ಹತ್ತುವವರಿಗೆ ಮೊದಲು ಕಾಣುವುದು ಆ ಬೇರುಗಳು. ಬರೀ ನೋಟದ ಮಾತಲ್ಲ: ಕ್ಯಾರಿಬ್ಯಾಗ್ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ದೋಣಿ ನಡುನೀರಿನಲ್ಲಿ ನಿಲ್ಲುತ್ತದೆ, ಎಂಜಿನ್ ತಣ್ಣಗಾಗಲು ನೀರೆಳೆಯುವ ತೂತಿಗೆ ಮೆತ್ತಿಕೊಂಡರೆ ಎಂಜಿನ್ನೇ ಬಿಸಿಯೇರುತ್ತದೆ. ಆ ದಿನದ ಬಾಡಿಗೆ ಹೋಯಿತು. ಶುಚಿಯಾದ ಕಡಲತೀರಕ್ಕೆ ಸಿಗುವ ಅಂತರರಾಷ್ಟ್ರೀಯ ಮನ್ನಣೆ ಬ್ಲೂ ಫ್ಲ್ಯಾಗನ್ನು 2020ರಲ್ಲಿ ಪಡೆದ ಪಡುಬಿದ್ರಿ, ಹೊನ್ನಾವರದ ಕಾಸರಕೋಡು ಕಡಲತೀರಗಳು ಆ ಬಾವುಟ ಉಳಿಸಿಕೊಳ್ಳಲು 33 ಮಾನದಂಡ ಪಾಲಿಸಬೇಕು, ನೀರಿನ ಗುಣವೂ ಅದರಲ್ಲಿ ಸೇರಿದೆ. ಅಳಿವೆಯ ಪಕ್ಕದ ಕಡಲತೀರ ಅಂಥ ಬಾವುಟದ ಆಸೆ ಇಟ್ಟುಕೊಂಡರೆ ಅದರ ಪರೀಕ್ಷೆಯ ಒಂದು ಭಾಗ ಬರೆಯುವುದು ಘಾಟಿಯ ಮೇಲಿನವರು.

ಮಧ್ಯಾಹ್ನದ ಮೇಲೆ ವಿಂಗಡಣೆ, ಎಲ್ಲರೂ ತಪ್ಪಿಸಿಕೊಳ್ಳುವ ಕೆಲಸ. ಕೆಸರು ಮೆತ್ತಿದ ಪ್ಲಾಸ್ಟಿಕ್ಕನ್ನು ಗುಜರಿಯವರು ಮುಟ್ಟುವುದಿಲ್ಲ. ಡ್ರಮ್ಮಿನ ನೀರಿನಲ್ಲಿ ಅದ್ದಿ, ಹಗ್ಗದ ಮೇಲೆ ಬಸಿಯಲು ಬಿಡಬೇಕು. ಬಾಟಲಿ, ಗಾಜು, ಗಟ್ಟಿ ಪ್ಲಾಸ್ಟಿಕ್ ಬೇರೆ ಬೇರೆ ಚೀಲಕ್ಕೆ. ಒಳಗೆ ಬೆಳ್ಳಿ ಬಣ್ಣವಿರುವ ಚಿಪ್ಸ್ ಪ್ಯಾಕೆಟ್ಟಿಗೆ ಗುಜರಿಯಲ್ಲಿ ಬೆಲೆಯಿಲ್ಲ. ಪಂಚಾಯಿತಿಯ ಕಸ ವಿಂಗಡಿಸುವ ಘಟಕವಾದ ಸ್ವಚ್ಛ ಸಂಕೀರ್ಣದಲ್ಲಿ ಒತ್ತಿ ಕಟ್ಟಿಟ್ಟರೆ ಸಿಮೆಂಟ್ ಗೂಡಿಗೆ ಉರುವಲಾಗಬಹುದು. ಡಯಾಪರ್ ಮತ್ತು ಮದ್ದಿನ ಡಬ್ಬಿಗಳನ್ನು ಯಾವುದರ ಜೊತೆಗೂ ಬೆರೆಸಬಾರದು. ಸಂಜೆಗೆ ಚೀಲ ಎಣಿಸಿದರೆ ಹದಿನೇಳು, ಐದರಲ್ಲಿ ಬರೀ ಗಾಜು. ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ತಂದರೆ ವಾಪಸು ಕೊಡುತ್ತಾರೆ. ಆ ಐದು ಚೀಲ ಹೊತ್ತ ಹೆಗಲಿಗೆ ಕೊಡಗಿನಲ್ಲೂ ಹಾಗೆ ಯಾಕಾಗಬಾರದು ಅನಿಸುವುದು ಸಹಜ.

ಇನ್ನು ಕಸದಬುಟ್ಟಿ. ಜಲಪಾತದ ಬಾಯಲ್ಲೇ ಬುಟ್ಟಿ ಇಡುವುದು ದೊಡ್ಡ ತಪ್ಪು. ಶನಿವಾರ ಮಧ್ಯಾಹ್ನಕ್ಕೇ ತುಂಬುತ್ತದೆ, ಗಾಡಿ ಬರುವುದು ಸೋಮವಾರ, ನಡುವೆ ಮಂಗಗಳ ಕಾರುಬಾರು. ಬುಟ್ಟಿ ವಾಹನ ನಿಲ್ಲಿಸುವಲ್ಲಿರಲಿ, ಮುಚ್ಚಳಕ್ಕೆ ಕೊಂಡಿಯಿರಲಿ, ಶನಿವಾರ-ಭಾನುವಾರ ಸಂಜೆ ಖಾಲಿಯಾಗಲಿ. ಅದಾಗದಿದ್ದರೆ ಬುಟ್ಟಿಯೇ ಬೇಡ; ಬುಟ್ಟಿ ಇಲ್ಲದ ಕಡೆ ಒಂದಷ್ಟು ಜನವಾದರೂ ಕಸವನ್ನು ಕಾರಿನಲ್ಲೇ ಒಯ್ಯುತ್ತಾರೆ.

ಸೋಮವಾರ ಬೆಳಿಗ್ಗೆ ಉಳಿದ ಹಲಗೆ ಎತ್ತಿದರು. ನೀರು ಕುಡಿದು ಉಬ್ಬಿದ ಮರ ಕಿಂಡಿಯಲ್ಲಿ ಕಚ್ಚಿಕೊಂಡಿತ್ತು. ಎರಡೂ ತುದಿಗೆ ಕಬ್ಬಿಣದ ಕೊಕ್ಕೆ ಹಾಕಿ ಒಂದೊಂದು ಬದಿ ಅಷ್ಟಷ್ಟೇ ಮೀಟಿದ ಮೇಲೆ ಬಂತು. ಕೆಂಪು ನೀರು ಹೊರಟಿತು. ಕೆಳಗಿನ ಬಲೆಯಲ್ಲಿ ಹೊತ್ತು ಏರುವಷ್ಟರಲ್ಲಿ ಒಂದು ಬುಟ್ಟಿ ತರಗೆಲೆ, ಮಗುವಿನ ಒಂಟಿ ಚಪ್ಪಲಿ, ಇಪ್ಪತ್ತು ಮೂವತ್ತು ನೀಲಿ ಮುಚ್ಚಳ.