ನೊಣದ ನಾಲಿಗೆ ಕಾಲಲ್ಲಿದೆ

ಮೊನ್ನೆ ಮೇಜಿನ ಮೇಲೆ ಒಂದು ಹನಿ ಸಕ್ಕರೆ ನೀರು ಬಿದ್ದಿತ್ತು. ಒರೆಸೋಣ ಅಂತ ಬಟ್ಟೆ ತರುವಷ್ಟರಲ್ಲಿ ಒಂದು ನೊಣ ಬಂದು ಕೂತಿತ್ತು. ಹನಿಯ ಮೇಲಲ್ಲ, ಎರಡು ಬೆರಳು ಆಚೆ. ಓಡಿಸದೆ ಸುಮ್ನೆ ನೋಡುತ್ತಾ ನಿಂತೆ. ಮುಂದಿನ ಎರಡು ಕಾಲು ಉಜ್ಜಿಕೊಂಡಿತು, ನಾಲ್ಕು ಹೆಜ್ಜೆ ನಡೆಯಿತು, ಮತ್ತೆ ಉಜ್ಜಿಕೊಂಡಿತು. ಹೀಗೇ ಅಡ್ಡಾಡುವಾಗ ಒಂದು ಕಾಲು ಹನಿಯ ಅಂಚಿಗೆ ತಾಗಿದ್ದೇ ತಡ, ತಟ್ಟನೆ ಆ ಕಡೆಗೆ ತಿರುಗಿತು, ತಲೆಯ ಕೆಳಗೆ ಮಡಚಿಕೊಂಡಿದ್ದ ಸೊಂಡಿಲು ಸರ್ರನೆ ಇಳಿದು ಹನಿಗೆ ಅಂಟಿಕೊಂಡಿತು. ಕಾಲು ತಾಗಿದಾಗ ಬಾಯಿ ಇನ್ನೂ ದೂರವೇ ಇತ್ತು. ಅಲ್ಲಿರುವುದು ಸಿಹಿ ಅಂತ ನೊಣಕ್ಕೆ ಹೇಳಿದ್ದು ಅದರ ಕಾಲು.

ನೊಣ ಕಾಲು ಉಜ್ಜುವುದು ಕಂಡರೆ ನಮಗೆ ಅಸಹ್ಯ. ಆದರೆ ಅದು ಮಾಡುತ್ತಿರುವುದು ಶುಚಿಯ ಕೆಲಸ. ಅದರ ಪಾದಗಳ ತುಂಬ ರುಚಿ ಹಿಡಿಯುವ ಕೂದಲುಗಳಿವೆ, ಅವುಗಳ ಮೇಲೆ ಧೂಳು ಕೂತರೆ ಏನೂ ಸರಿಯಾಗಿ ತಿಳಿಯುವುದಿಲ್ಲ. ನಾಲಿಗೆ ಒರೆಸಿಕೊಳ್ಳುತ್ತಿದೆ ಅಂದುಕೊಳ್ಳಿ.

ಈ ಕೂದಲು ನಮ್ಮ ತಲೆಗೂದಲಿನ ಥರ ಅಲ್ಲ. ಒಳಗೆ ಟೊಳ್ಳು. ತುದಿಯಲ್ಲಿ ಒಂದೇ ಒಂದು ಸಣ್ಣ ರಂಧ್ರ. ಮುಟ್ಟಿದ ವಸ್ತುವಿನ ರಸ ಆ ರಂಧ್ರದಿಂದ ಒಳಗೆ ಇಳಿಯುತ್ತದೆ. ಒಳಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ನರಕೋಶಗಳು ಕಾದಿರುತ್ತವೆ. ಸಿಹಿಗೆ ಒಂದು, ಕಹಿಗೆ ಒಂದು, ಉಪ್ಪಿಗೆ ಒಂದು. ನನಗೆ ತುಂಬಾ ಇಷ್ಟವಾಗಿದ್ದು ನಾಲ್ಕನೆಯದು, ಅದು ಬರೀ ನೀರಿಗೆ. ನೀರಿಗೆ ರುಚಿಯೇ ಇಲ್ಲ ಅಂತ ನಾವು ಹೇಳುತ್ತೇವೆ, ಅಲ್ವಾ? ನೊಣಕ್ಕೆ ಇದೆ. ಇಂಥ ಕೂದಲುಗಳು ಸೊಂಡಿಲಿನ ತುದಿಯಲ್ಲಿವೆ, ಕಾಲಲ್ಲಿವೆ, ರೆಕ್ಕೆಯ ಅಂಚಿನಲ್ಲೂ ಇವೆ. ಎಷ್ಟೋ ಕೀಟಗಳಲ್ಲಿ ಹೆಣ್ಣು ಮೊಟ್ಟೆ ಇಡುವ ಅಂಗದಲ್ಲೂ ಇವೆ.

ಚಿಟ್ಟೆ ಎಲೆಯ ಮೇಲೆ ಕೂತು ಮುಂಗಾಲಿನಿಂದ ಪಟಪಟ ಬಡಿಯುವುದನ್ನು ನೋಡಿದ್ದೀರಾ? ಹೆಣ್ಣು ಚಿಟ್ಟೆ ಹಾಗೆ ಬಡಿದು ಎಲೆಯ ರಸ ಸವಿಯುತ್ತದೆ. ತನಗಾಗಿ ಅಲ್ಲ, ಅದು ಕುಡಿಯುವುದು ಮಕರಂದ. ಮರಿಗಳಿಗಾಗಿ. ಕಂಬಳಿಹುಳು ಸಿಕ್ಕಿದ್ದೆಲ್ಲ ತಿನ್ನುವುದಿಲ್ಲ. ಎಷ್ಟೋ ಜಾತಿಗಳಿಗೆ ಕೆಲವೇ ಗಿಡ ಆಗಿಬರುತ್ತವೆ, ತಾಯಿ ತಪ್ಪು ಎಲೆ ಆರಿಸಿದರೆ ಮರಿ ಅಲ್ಲೇ ಸಾಯುತ್ತದೆ. ಎಲೆಕೋಸಿನ ಬಿಳಿ ಚಿಟ್ಟೆಯನ್ನೇ ನೋಡಿ. ಕೋಸು, ಸಾಸಿವೆ ಜಾತಿಯ ಗಿಡಗಳು ಹುಳುಗಳನ್ನು ದೂರ ಇಡಲು ಖಾರದ ರಾಸಾಯನಿಕಗಳನ್ನು ತುಂಬಿಕೊಂಡಿರುತ್ತವೆ. ಬೇರೆ ಹುಳುಗಳಿಗೆ ಹತ್ತಿರ ಬರಬೇಡ ಅನ್ನುವ ಅದೇ ರುಚಿ ಈ ಚಿಟ್ಟೆಗೆ ಮನೆ ವಿಳಾಸ. ಆ ರಾಸಾಯನಿಕ ಸವರಿದ ಹಸಿರು ಕಾಗದದ ಮೇಲೂ ಅದು ಮೊಟ್ಟೆ ಇಟ್ಟುಬಿಡುತ್ತದೆ!

ರುಚಿಗೆ ಮುಟ್ಟಬೇಕು. ದೂರದ್ದನ್ನು ತಿಳಿಯಬೇಕಾದರೆ ವಾಸನೆಯೇ ಬೇಕು, ಅದಕ್ಕೆ ಮುಖ್ಯವಾಗಿ ಇರುವುದು ತಲೆಯ ಮೇಲಿನ ಕುಡಿಮೀಸೆ. ಅಲ್ಲೂ ಕೂದಲುಗಳೇ. ಆದರೆ ತುದಿಯಲ್ಲಿ ಒಂದು ರಂಧ್ರದ ಬದಲು ಮೈತುಂಬ ರಂಧ್ರಗಳು, ಜರಡಿ ಇದ್ದ ಹಾಗೆ. ಒಳಗೆ ನೀರಿನಂಥ ದ್ರವ. ಇಲ್ಲೊಂದು ತೊಡಕಿದೆ. ವಾಸನೆಯ ಅಣುಗಳು ಹೆಚ್ಚಾಗಿ ಎಣ್ಣೆಯ ಗುಣದವು, ನೀರಿನಲ್ಲಿ ಸುಲಭವಾಗಿ ಬೆರೆಯುವುದಿಲ್ಲ. ಹಾಗಾಗಿ ಆ ದ್ರವದಲ್ಲಿರುವ ಪುಟ್ಟ ಪ್ರೋಟೀನ್‌ಗಳು ಅಣುವನ್ನು ಒಳಗಿಟ್ಟುಕೊಂಡು ನರಕೋಶದವರೆಗೆ ದಾಟಿಸುತ್ತವೆ. ನರಕೋಶದ ಮೇಲೆ ಅಣುವನ್ನು ಹಿಡಿಯುವ ಗ್ರಾಹಕ, ಅಂದರೆ ರಿಸೆಪ್ಟರ್, ಇರುತ್ತದೆ. ಅದಕ್ಕೆ ಅಣು ಕೂತರೆ ನರಕೋಶದ ಬಾಗಿಲು ತೆರೆದುಕೊಳ್ಳುತ್ತದೆ, ವಿದ್ಯುತ್ ಸಂಕೇತ ಮಿದುಳಿಗೆ ಹೊರಡುತ್ತದೆ. ನಮ್ಮ ಮೂಗಿನಲ್ಲಿ ಗ್ರಾಹಕ ಬೇರೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ, ಆಮೇಲೆ ಬಾಗಿಲು ತೆರೆಯುತ್ತದೆ. ಕೀಟದಲ್ಲಿ ಗ್ರಾಹಕವೇ ಬಾಗಿಲು. ಇದು ಗೊತ್ತಾಗಿದ್ದು 2008ರಲ್ಲಿ, ಅಂದರೆ ತೀರಾ ಇತ್ತೀಚೆಗೆ.

ಕುಡಿಮೀಸೆಯ ಶಕ್ತಿ ಎಷ್ಟು ಅಂತ ತಿಳಿಯಬೇಕಾದರೆ ರೇಷ್ಮೆ ಪತಂಗವನ್ನು ನೋಡಬೇಕು. ಅಡಾಲ್ಫ್ ಬ್ಯುಟೆನಾಂಟ್ ಅನ್ನುವ ಜರ್ಮನ್ ರಸಾಯನಶಾಸ್ತ್ರಜ್ಞ ಹೆಣ್ಣು ಪತಂಗ ಗಂಡನ್ನು ಕರೆಯುವ ವಾಸನೆ ಯಾವುದು ಅಂತ ಹುಡುಕಲು ಹೊರಟು, ಸುಮಾರು 20 ವರ್ಷ ಅದರ ಹಿಂದೆ ಬಿದ್ದು, ಸುಮಾರು 5 ಲಕ್ಷ ಹೆಣ್ಣು ಪತಂಗಗಳ ಗ್ರಂಥಿಗಳಿಂದ ಸಾರ ತೆಗೆದು, ಕೊನೆಗೆ 1959ರಲ್ಲಿ ಅದನ್ನು ಗುರುತಿಸಿದರು. ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ಹೆಸರು ಬಾಂಬಿಕಾಲ್. ಒಂದೇ ಜಾತಿಯ ಜೀವಿಗಳು ಒಂದಕ್ಕೊಂದು ಸುದ್ದಿ ಕೊಡಲು ಬಿಡುವ ಇಂಥ ರಾಸಾಯನಿಕಕ್ಕೆ ಫೆರೋಮೋನ್ ಅನ್ನುತ್ತಾರೆ. ಒಂದು ಫೆರೋಮೋನಿನ ರಾಸಾಯನಿಕ ಗುರುತು ಸಿಕ್ಕಿದ್ದು ಅದೇ ಮೊದಲು. ಗಂಡಿನ ಕುಡಿಮೀಸೆ ಬಾಚಣಿಗೆಯ ಹಾಗೆ ಹರಡಿಕೊಂಡಿರುತ್ತದೆ, ಗಾಳಿಯನ್ನು ಸೋಸಲು. ಬಾಂಬಿಕಾಲ್‌ನ ಒಂದೇ ಒಂದು ಅಣು ಬಿದ್ದರೂ ಅದರ ನರಕೋಶ ಮಿಡಿಯಬಲ್ಲದು. ಒಂದು ಅಣು! ಇದಕ್ಕಿಂತ ಸೂಕ್ಷ್ಮವಾಗಲು ಜಾಗವೇ ಇಲ್ಲ.

ಸಾಕಿದ ರೇಷ್ಮೆ ಪತಂಗಕ್ಕೆ ಹಾರಲು ಬರುವುದಿಲ್ಲ. ರೆಕ್ಕೆ ಬಂದ ಮೇಲೆ ಅದು ಏನೂ ತಿನ್ನುವುದೂ ಇಲ್ಲ. ಸಿಗುವ ಕೆಲವೇ ದಿನಗಳಲ್ಲಿ ಅದಕ್ಕೆ ಉಳಿದಿರುವ ಕೆಲಸ ಜೊತೆ ಹುಡುಕುವುದು. ಸುಮ್ಮನೆ ಕೂತಿದ್ದ ಗಂಡಿಗೆ ವಾಸನೆ ಬಡಿದರೆ ರೆಕ್ಕೆ ಪಟಪಟಿಸುತ್ತಾ ನಡೆಯಲು ಶುರುಮಾಡುತ್ತದೆ. ಆ ರೆಕ್ಕೆಬಡಿತ ಹಾರುವುದಕ್ಕಲ್ಲ, ಮುಂದಿನ ಗಾಳಿಯನ್ನು ಮೀಸೆಯ ಕಡೆಗೆ ಎಳೆದುಕೊಳ್ಳುವುದಕ್ಕೆ. ವಾಸನೆ ಸಿಕ್ಕಾಗ ನೇರ ನಡಿಗೆ. ತಪ್ಪಿದರೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಆಗಲೂ ಸಿಗದಿದ್ದರೆ ನಿಂತಲ್ಲೇ ಸುತ್ತು. ಕತ್ತಲಲ್ಲಿ ಗೋಡೆ ತಡವಿಕೊಂಡು ಸ್ವಿಚ್ ಹುಡುಕುವ ಹಾಗೆ.

ಸೊಳ್ಳೆಯದೂ ಇದೇ ಕಥೆ. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅದಕ್ಕೆ ಬಾಯಿಯ ಪಕ್ಕದ ಎರಡು ಪುಟ್ಟ ಅಂಗಗಳಲ್ಲಿ ತಿಳಿಯುತ್ತದೆ, ಹತ್ತಿರ ಬಂದ ಮೇಲೆ ಬೆವರಿನ ವಾಸನೆ ಮತ್ತು ಮೈಯ ಬಿಸಿ ದಾರಿ ತೋರಿಸುತ್ತವೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಜಿರಳೆ. ಜಿರಳೆ ಕೊಲ್ಲಲು ವಿಷ ಬೆರೆಸಿದ ಸಿಹಿ ಆಹಾರ ಇಡುತ್ತಾರಲ್ಲ, ಅದರಲ್ಲಿ ಗ್ಲೂಕೋಸ್ ಹಾಕುತ್ತಿದ್ದರು. ಶುರುವಿನಲ್ಲಿ ಚೆನ್ನಾಗಿ ಕೆಲಸ ಮಾಡಿತು. ಕೆಲವು ವರ್ಷಗಳಾದ ಮೇಲೆ ಕೆಲವು ಕಡೆ ಜಿರಳೆಗಳು ಅದನ್ನು ಮುಟ್ಟುವುದನ್ನೇ ಬಿಟ್ಟವು. ವಿಷಕ್ಕೆ ಒಗ್ಗಿಕೊಂಡಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾಗಲ್ಲ. ಅವು ತಿನ್ನದೆ ಬಿಡುತ್ತಿದ್ದುದು ಗ್ಲೂಕೋಸನ್ನು. ಕಾರಣ ಸ್ಪಷ್ಟವಾಗಿದ್ದು 2013ರಲ್ಲಿ. ಅವುಗಳ ಬಾಯಿಯ ಕೂದಲಿನಲ್ಲಿ ಕಹಿಗೆ ಅಂತ ಇರುವ ನರಕೋಶ ಗ್ಲೂಕೋಸಿಗೂ ಮಿಡಿಯುತ್ತಿತ್ತು, ಸಿಹಿಯ ನರಕೋಶವನ್ನು ತಡೆಹಿಡಿಯುತ್ತಿತ್ತು. ಅಂದರೆ ಅವುಗಳ ಪಾಲಿಗೆ ಗ್ಲೂಕೋಸ್ ನಿಜವಾಗಿಯೂ ಕಹಿ. ಫ್ರಕ್ಟೋಸ್ ಅನ್ನುವ ಇನ್ನೊಂದು ಸಕ್ಕರೆ ಕೊಟ್ಟರೆ ಆರಾಮಾಗಿ ತಿನ್ನುತ್ತವೆ. ಸಿಹಿ ಅಂದವು ಸತ್ತವು, ಕಹಿ ಅಂದವು ಉಳಿದವು, ಉಳಿದವುಗಳ ಮರಿಗಳಿಗೂ ಅದೇ ರುಚಿ ಬಂತು. ಸಿಹಿ ಅನ್ನುವುದು ಸಕ್ಕರೆಯೊಳಗೇ ಇದೆ ಅಂತ ನಾನು ಇಷ್ಟು ದಿನ ನಂಬಿದ್ದೆ. ಅದು ಇರುವುದು ಒಂದು ನರಕೋಶ ಮಿಡಿಯುವುದರಲ್ಲಿ.

ಇರುವೆಗಳ ಜಗತ್ತಂತೂ ವಾಸನೆಯಿಂದಲೇ ಕಟ್ಟಿದ್ದು. ಸಾಲಿಗೆ ಅಡ್ಡವಾಗಿ ಒಮ್ಮೆ ಬೆರಳು ಒರೆಸಿ ನೋಡಿ, ಅವು ಅಲ್ಲಿಗೆ ಬಂದು ತಬ್ಬಿಬ್ಬಾಗುತ್ತವೆ, ಆ ಒಂದು ಬೆರಳಿನಷ್ಟು ದಾರಿ ಅಳಿಸಿಹೋಗಿರುತ್ತದೆ. ಗೂಡಿನಲ್ಲಿ ಸತ್ತ ಇರುವೆಯನ್ನು ತಕ್ಷಣ ಯಾರೂ ಗಮನಿಸುವುದಿಲ್ಲ. ಒಂದೆರಡು ದಿನ ಕಳೆದು ಹೆಣದಲ್ಲಿ ಒಲೀಕ್ ಆಮ್ಲ ಅನ್ನುವ ಕೊಬ್ಬಿನ ಆಮ್ಲ ಹುಟ್ಟಿದ ಮೇಲೆ ಎತ್ತಿಕೊಂಡು ಹೋಗಿ ಕಸದ ರಾಶಿಗೆ ಹಾಕುತ್ತವೆ. 1958ರಲ್ಲಿ ಅಮೆರಿಕದ ಇರುವೆ ತಜ್ಞ ಎಡ್ವರ್ಡ್ ವಿಲ್ಸನ್ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದರು. ಅವರು ಆ ಆಮ್ಲವನ್ನು ಜೀವಂತ ಇರುವೆಗೂ ಸವರಿ ನೋಡಿದ್ದರು. ಗೂಡಿನವು ಬಂದು ಅದನ್ನು ಎತ್ತಿಕೊಂಡವು. ಅದು ಕಾಲು ಬಡಿಯುತ್ತಿತ್ತು, ಆದರೂ ಹೊತ್ತುಕೊಂಡು ಹೋಗಿ ಹೆಣಗಳ ಜೊತೆ ಹಾಕಿದವು. ಎದ್ದು ವಾಪಸ್ ಬಂತು, ಮತ್ತೆ ಹೊತ್ತುಕೊಂಡು ಹೋದವು. ಕೊನೆಗೆ ಅದು ಕೂತು ಮೈಯನ್ನೆಲ್ಲ ನೆಕ್ಕಿ, ಉಜ್ಜಿ, ಆ ವಾಸನೆ ಹೋಗುವವರೆಗೂ ಶುಚಿ ಮಾಡಿಕೊಂಡ ಮೇಲೆ ಒಳಗೆ ಬಿಟ್ಟುಕೊಂಡವು.