ಚಿಕ್ಕದು ಯಾಕೆ ತೂರಲ್ಲ ಅಂತ ಕೇಳುವವರಿಗೆ

ನಾನು ಪೊಟ್ಯಾಸಿಯಂ ಚಾನೆಲ್‌ಗಳ ಮೇಲೆ, ಅಂದರೆ ಜೀವಕೋಶದ ಕೊಬ್ಬಿನ ಪೊರೆಯಲ್ಲಿ ಕೂತು ಪೊಟ್ಯಾಸಿಯಂ ದಾಟಿಸುವ ಪ್ರೋಟೀನ್ ತೂತುಗಳ ಮೇಲೆ, ಕೆಲಸ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ, ಸ್ವಲ್ಪ ಕೆಮಿಸ್ಟ್ರಿ ಓದಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಸೋಡಿಯಂ ಪೊಟ್ಯಾಸಿಯಂಗಿಂತ ಚಿಕ್ಕದು. ದೊಡ್ಡದು ತೂರುವ ತೂತಿನಲ್ಲಿ ಚಿಕ್ಕದು ಯಾಕೆ ತೂರಲ್ಲ?" ಮೊದಮೊದಲು ಪೇಪರ್ ತೆಗೆದು ಚಿತ್ರ ಬರೆದು ವಿವರಿಸುತ್ತಿದ್ದೆ. ಈಗ ಸಾಕಾಗಿದೆ. ಒಂದು ಸಲ ಬರೆದಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪ್ರಶ್ನೆ ತಪ್ಪಲ್ಲ. ಆದರೆ ಅದನ್ನು ಕೇಳುವ ರೀತಿ ನನಗೆ ಹಿಡಿಸುವುದಿಲ್ಲ. ಎಲ್ಲರ ತಲೆಯಲ್ಲೂ ಒಂದು ಜರಡಿ ಕೂತಿದೆ. ಹಿಟ್ಟು ಕೆಳಗೆ ಬೀಳುತ್ತದೆ, ತೌಡು ಮೇಲೆ ಉಳಿಯುತ್ತದೆ. ಹಾಗಾಗಿ ಚಿಕ್ಕದು ಹೋಗಲೇಬೇಕು ಅಂತ ಹಟ. ಪೊಟ್ಯಾಸಿಯಂ ಅಯಾನಿನ (ಅಯಾನು ಅಂದರೆ ವಿದ್ಯುದಾವೇಶ ಇರುವ ಪರಮಾಣು) ತ್ರಿಜ್ಯ 1.33 ಆಂಗ್‌ಸ್ಟ್ರಾಮ್, ಸೋಡಿಯಂ ಅಯಾನಿನದು 0.95. ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ. ಆದರೂ ಚಾನೆಲ್ ಒಂದು ಸೋಡಿಯಂ ಬಿಡುವಷ್ಟರಲ್ಲಿ ಹತ್ತು ಸಾವಿರ ಪೊಟ್ಯಾಸಿಯಂ ಬಿಟ್ಟಿರುತ್ತದೆ. ಅದೂ ನಿಧಾನವಾಗಿ ಆರಿಸಿ ಆರಿಸಿ ಅಲ್ಲ. ಸೆಕೆಂಡಿಗೆ ಹತ್ತು ಕೋಟಿಯ ಆಸುಪಾಸು ಅಯಾನುಗಳು ದಾಟುತ್ತವೆ. ಇಂಥ ಜರಡಿಯನ್ನು ಯಾರಾದರೂ ನೋಡಿದ್ದೀರಾ?

ಕಳೆದ ವರ್ಷ ನಮ್ಮ ಸೋದರಮಾವನ ಮನೆಯ ಗೃಹಪ್ರವೇಶ. ಬಂದವರಿಗೆಲ್ಲ ಬಡಿಸಿ ಮುಗಿಸಿ, ಮನೆಯವರು ಕೊನೆಯ ಪಂಕ್ತಿಗೆ ಕೂತಿದ್ದೆವು. ಮಾವ ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದವರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಅದೇ ಪ್ರಶ್ನೆ ಕೇಳಿದರು. "ಅಲ್ಲ ಕಣೋ, ತೂತು ಅಂದಮೇಲೆ ಚಿಕ್ಕದು ಹೋಗಲೇಬೇಕಲ್ವಾ?"

"ಮಾವ, ಈ ಮನೇಲಿ ನೀರಿಲ್ಲ, ಕರೆಂಟಿಲ್ಲ ಅಂದಿದ್ರೆ ಹಳೇ ಮನೆ ಖಾಲಿ ಮಾಡ್ತಿದ್ರಾ?" ಅಂದೆ.

"ಹುಚ್ಚಾ ನಿನಗೆ?" ಅಂದರು.

ಉತ್ತರ ಅಷ್ಟೇ. ಅಯಾನು ಬರೀ ಮೈಯಲ್ಲಿ ಓಡಾಡುವುದಿಲ್ಲ. ಅದರ ಸುತ್ತ ನೀರಿನ ಕಣಗಳು ಆಕ್ಸಿಜನ್ ಬದಿಯನ್ನು ಅದರ ಕಡೆಗೆ ತಿರುಗಿಸಿ ಅಂಟಿಕೊಂಡಿರುತ್ತವೆ. ಅದೇ ಅದರ ಹಳೇ ಮನೆ. ಅದನ್ನು ಬಿಡಿಸಲು ತುಂಬಾ ಶಕ್ತಿ ಬೇಕು. ಚಾನೆಲ್‌ನ ಅತಿ ಕಿರಿದಾದ ಜಾಗ ಸುಮಾರು 12 ಆಂಗ್‌ಸ್ಟ್ರಾಮ್ ಉದ್ದ. ಅಲ್ಲಿ ಪ್ರೋಟೀನಿನದೇ ಆಕ್ಸಿಜನ್‌ಗಳು ಒಳಮುಖವಾಗಿ ಸಾಲಾಗಿ ನಿಂತಿವೆ. ಪೊಟ್ಯಾಸಿಯಂ ಒಳಗೆ ಬಂದರೆ ಅದರ ಸುತ್ತ ಎಂಟು ಆಕ್ಸಿಜನ್, ನೀರಿನಲ್ಲಿ ಇದ್ದಷ್ಟೇ ದೂರದಲ್ಲಿ. ಹಳೇ ಮನೆಯ ಅನುಕೂಲವೆಲ್ಲ ಇಲ್ಲೂ ಸಿಕ್ಕಿತು, ಹಾಗಾಗಿ ನೀರನ್ನು ಬಿಟ್ಟು ಬರುತ್ತದೆ. ಸೋಡಿಯಂ ಚಿಕ್ಕದು. ಅದಕ್ಕೆ ಈ ಆಕ್ಸಿಜನ್‌ಗಳು ಕೈಗೆ ಎಟುಕುವುದಿಲ್ಲ. ಬಿಟ್ಟು ಬಂದದ್ದಕ್ಕೆ ಸಮ ಸಿಗುವುದಿಲ್ಲ, ಅದಕ್ಕೇ ನೀರಲ್ಲೇ ಉಳಿಯುತ್ತದೆ.

ಇದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿದ್ದು ರಾಡರಿಕ್ ಮ್ಯಾಕಿನನ್ ಅವರ ತಂಡ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ, 1998ರಲ್ಲಿ. ಚಾನೆಲ್‌ನ ಹೆಸರು ಕೆಸಿಎಸ್‌ಎ. ಅದು ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಲಿವಿಡನ್ಸ್ ಅನ್ನುವ ಬ್ಯಾಕ್ಟೀರಿಯಾದ್ದು. ಒಂದೇ ಥರದ ನಾಲ್ಕು ತುಂಡುಗಳು ಒಂದಕ್ಕೊಂದು ಆನಿಕೊಂಡು ನಡುವೆ ದಾರಿ ಬಿಟ್ಟಿವೆ. 2003ರಲ್ಲಿ ಮ್ಯಾಕಿನನ್ ಅವರಿಗೆ ನೊಬೆಲ್ ಬಂತು, ನೀರಿನ ಚಾನೆಲ್ ಕಂಡುಹಿಡಿದ ಪೀಟರ್ ಆಗ್ರೆ ಅವರ ಜೊತೆ.

ಮಾವ ತಲೆಯಾಡಿಸಿದರು. ಆಮೇಲೆ ಒಂದು ಮಾತು ಅಂದರು, ಅದು ಇವತ್ತಿಗೂ ನನಗೆ ಚುಚ್ಚುತ್ತದೆ. "ಸರಿ, ಚಾನೆಲ್ ಜಾಣ. ಸುತ್ತ ಇರೋದು ಸುಮ್ನೆ ಕೊಬ್ಬು ತಾನೇ?"

ಸುಮ್ನೆ ಕೊಬ್ಬು! ಮಾವ ಒಬ್ಬರೇ ಅಲ್ಲ, ಎಲ್ಲರೂ ಹೀಗೇ ಅಂದುಕೊಂಡಿದ್ದಾರೆ. ಜೀವಕೋಶದ ಪೊರೆ ಅಂದರೆ ಗೋಡೆ, ಚಾನೆಲ್ ಅಂದರೆ ಅದಕ್ಕೆ ಕೂರಿಸಿದ ಬಾಗಿಲು. ನನ್ನನ್ನು ಕೇಳಬೇಕಾದ ಪ್ರಶ್ನೆ ಈ ಗೋಡೆಯದು. ಯಾರೂ ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಕೆಸಿಎಸ್‌ಎ ಪ್ರೋಟೀನನ್ನು ಶುದ್ಧ ಮಾಡಿ, ಅದರಲ್ಲಿ ಕರೆಂಟ್ ಹರಿಯುವುದನ್ನು ಅಳೆಯಬೇಕಿತ್ತು. ಪ್ಲಾಸ್ಟಿಕ್ಕಿನ ಪುಟ್ಟ ಕಪ್ಪು, ಅದರ ಗೋಡೆಯಲ್ಲಿ ಕಾಲು ಮಿಲಿಮೀಟರ್ ತೂತು. ಸಣ್ಣ ಬ್ರಷ್ಷಿನಲ್ಲಿ ಕೊಬ್ಬು ಅದ್ದಿ ಆ ತೂತಿನ ಮೇಲೆ ಸವರಬೇಕು. ಕೈ ಹದವಾಗಿದ್ದರೆ ಎರಡೇ ಕಣಗಳಷ್ಟು ದಪ್ಪದ ಪೊರೆ ನಿಲ್ಲುತ್ತದೆ. ಚಾನೆಲ್ ಹಾಕಿದೆ. ಒಂದು ಬದಿಗೆ ಆಮ್ಲ ಹಾಕಿದೆ, ಇದು ಆಮ್ಲಕ್ಕೆ ತೆರೆಯುವ ಚಾನೆಲ್. ಕಂಪ್ಯೂಟರಿನಲ್ಲಿ ಗೆರೆ ನೆಟ್ಟಗೆ ಮಲಗಿಬಿಟ್ಟಿತು. ಮೂರು ವಾರ ಹೀಗೇ. ಪ್ರೋಟೀನೇ ಕೆಟ್ಟಿದೆ ಅಂತ ಎರಡು ಸಲ ಮೊದಲಿನಿಂದ ತಯಾರಿಸಿದೆ.

ಲ್ಯಾಬಿನ ಸೀನಿಯರ್ ಒಬ್ಬರು ಬಂದು ನೋಡಿದರು. ಪ್ರೋಟೀನಿನ ಬಗ್ಗೆ ಏನೂ ಕೇಳಲಿಲ್ಲ. "ಕೊಬ್ಬು ಯಾವುದು ಹಾಕಿದ್ದೀರಾ?" ಅಂದರು. ನಾನು ಹಾಕಿದ್ದು ಫಾಸ್ಫಟಿಡೈಲ್ ಕೋಲಿನ್ ಮಾತ್ರ. ಅದರ ಮೇಲೆ ಒಟ್ಟು ವಿದ್ಯುದಾವೇಶ ಇರುವುದಿಲ್ಲ. ಅವರು ಫ್ರೀಜರಿನಿಂದ ಫಾಸ್ಫಟಿಡೈಲ್ ಗ್ಲಿಸರಾಲ್ ತೆಗೆದುಕೊಟ್ಟರು. ಇದು ಋಣ ಆವೇಶದ ಕೊಬ್ಬು. ಇದನ್ನು ಬೆರೆಸಿ ಮತ್ತೆ ಸವರಿದೆ. ಸಂಜೆ ಹೊತ್ತಿಗೆ ಮಲಗಿದ್ದ ಗೆರೆ ಒಂದು ಮೆಟ್ಟಿಲು ಮೇಲೆ ಹಾರಿತು, ಕೆಳಗೆ ಬಿತ್ತು, ಮತ್ತೆ ಹಾರಿತು. ಒಂದೇ ಒಂದು ಚಾನೆಲ್ ತೆರೆದು ಮುಚ್ಚುತ್ತಿತ್ತು. ಹರಿದ ಕರೆಂಟು ಒಂದು ಆಂಪಿಯರನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲಿ ಕೆಲವೇ ಪಾಲು. ಪ್ರೋಟೀನ್ ಅದೇ, ಆಮ್ಲ ಅದೇ. ಬದಲಾಗಿದ್ದು ಮಾವ ಹೇಳಿದ ಆ "ಸುಮ್ನೆ ಕೊಬ್ಬು" ಮಾತ್ರ.

ಇದು ಆಗಲೇ ಗೊತ್ತಿದ್ದ ವಿಷಯ. 2002ರಲ್ಲಿ ಮ್ಯಾಕಿನನ್ ತಂಡವೇ ಇದನ್ನು ಬರೆದಿತ್ತು. ಪ್ರೋಟೀನನ್ನು ಪೊರೆಯಿಂದ ಬಿಡಿಸಲು ಸೋಪಿನಂಥ ಡಿಟರ್ಜೆಂಟ್ ಹಾಕುತ್ತಾರೆ, ಜಿಡ್ಡಿನ ಪಾತ್ರೆ ತೊಳೆದ ಹಾಗೆ. ಕೊಬ್ಬೆಲ್ಲ ಹೋಗಿರಬೇಕು ಅಲ್ವಾ? ಆದರೆ ಪ್ರೋಟೀನನ್ನು ಹರಳು ಮಾಡಿ ಎಕ್ಸ್-ರೇಯಿಂದ ಪಡೆದ ಚಿತ್ರದಲ್ಲಿ ನೋಡಿದರೆ, ಅಕ್ಕಪಕ್ಕದ ತುಂಡುಗಳ ಸಂದಿಯಲ್ಲಿ ಕೊಬ್ಬಿನ ಕಣ ಕೂತೇ ಇತ್ತು. ಇಂಥ ಕಣಕ್ಕೆ ಒಂದು ತಲೆ, ಎರಡು ಬಾಲ. ಬಾಲಗಳು ಕಾಣುತ್ತಿದ್ದವು, ತಲೆ ಸರಿಯಾಗಿ ಕಾಣುತ್ತಿರಲಿಲ್ಲ. ರಾಸಾಯನಿಕವಾಗಿ ಪರೀಕ್ಷಿಸಿದಾಗ ಅದು ಫಾಸ್ಫಟಿಡೈಲ್ ಗ್ಲಿಸರಾಲ್. ಪ್ರೋಟೀನನ್ನು ಬೆಳೆಸಿದ ಇ. ಕೋಲಿ ಬ್ಯಾಕ್ಟೀರಿಯಾದಿಂದ ಅಂಟಿಕೊಂಡೇ ಬಂದಿತ್ತು. ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಬ್ಯಾಕ್ಟೀರಿಯಾದ ಕಥೆ ನಮಗ್ಯಾಕೆ ಅನ್ನಬೇಡಿ. ನಮ್ಮ ಹೃದಯ ಮತ್ತು ಮಾಂಸಖಂಡಗಳಲ್ಲಿ ಕಿರ್ 2.1 ಅನ್ನುವ ಚಾನೆಲ್ ಇದೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಹೃದಯದ ಜೀವಕೋಶ ಶಾಂತವಾಗಿ ಇರಲು ಇದು ಬೇಕು. ಇದು ತೆರೆಯಲು ಪಿಪ್-2 ಅನ್ನುವ ಕೊಬ್ಬು ಬೇಕೇ ಬೇಕು. ಪೊರೆಯ ಒಳಮೈಯಲ್ಲಿ ಇರುವ ಪಿಪ್-2 ತೀರಾ ಸ್ವಲ್ಪ, ನೂರಕ್ಕೆ ಒಂದರ ಲೆಕ್ಕ. 2011ರಲ್ಲಿ ಇದರ ಹತ್ತಿರದ ಸಂಬಂಧಿ ಕಿರ್ 2.2ರ ರಚನೆ ಪಿಪ್-2 ಸಮೇತ ಬಂತು. ಪಿಪ್-2 ಅಂಟಿದಾಗ, ಚಾನೆಲ್‌ನ ಕೆಳಗೆ ಜೋತುಬಿದ್ದ ದೊಡ್ಡ ಭಾಗ ಸುಮಾರು 6 ಆಂಗ್‌ಸ್ಟ್ರಾಮ್ ಮೇಲೆ ಬಂದು ಪೊರೆಗೆ ಕಚ್ಚಿಕೊಳ್ಳುತ್ತದೆ. ಆಗಲೇ ಬಾಗಿಲು ಸಡಿಲವಾಗುವುದು.

ಹುಟ್ಟಿನಿಂದಲೇ ಈ ಹಿಡಿತ ಸಡಿಲ ಇರುವವರಿದ್ದಾರೆ. ಆಂಡರ್ಸನ್-ತವಿಲ್ ಸಿಂಡ್ರೋಮ್ ಅನ್ನುವ ಅಪರೂಪದ ಕಾಯಿಲೆಯಲ್ಲಿ ಹೆಚ್ಚಿನವರಿಗೆ ಕಿರ್ 2.1ರ ಜೀನ್ ಕೆಟ್ಟಿರುತ್ತದೆ. ಅವರಲ್ಲಿ ಎಷ್ಟೋ ಜನಕ್ಕೆ ಕೆಟ್ಟ ಜಾಗ, ಚಾನೆಲ್ ಪಿಪ್-2ವನ್ನು ಹಿಡಿಯುವ ಜಾಗದಲ್ಲೇ ಇದೆ. ಆಗಾಗ ಕೈಕಾಲಿನ ಬಲ ಹೋಗುತ್ತದೆ, ಹೃದಯದ ಬಡಿತ ತಾಳ ತಪ್ಪುತ್ತದೆ. ಇಂಥವರಲ್ಲಿ ಅಯಾನು ಆರಿಸುವ ದಾರಿ ಸರಿಯಾಗೇ ಇರುತ್ತದೆ. ಎಂಟು ಆಕ್ಸಿಜನ್‌ಗಳೂ ತಮ್ಮ ಜಾಗದಲ್ಲೇ ಇರುತ್ತವೆ. ಪಕ್ಕದ ಕೊಬ್ಬಿನ ಕೈ ಬಿಟ್ಟುಹೋಗಿರುತ್ತದೆ, ಅಷ್ಟೇ. "ಸುಮ್ನೆ ಕೊಬ್ಬು" ಅಂದರೆ ನನಗೆ ಯಾಕೆ ಸಿಟ್ಟು ಬರುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಅವತ್ತು ಮಾವನಿಗೆ ಇದನ್ನೆಲ್ಲ ಹೇಳಲು ಆಗಲಿಲ್ಲ. ಮಜ್ಜಿಗೆ ಬಂತು, ಪಂಕ್ತಿ ಎದ್ದಿತು. ಮಾವ, ಇದನ್ನು ಓದಿದ ಮೇಲೆ ಒಂದು ಫೋನ್ ಮಾಡಿ. ಸೋಡಿಯಂ ವಿಷಯ ಬೇಡ. ಯಾವ ಚಾನೆಲ್ಲಿಗೆ ಯಾವ ಕೊಬ್ಬು ಎಲ್ಲಿ ಅಂಟುತ್ತದೆ ಅಂತ ಕೇಳಿ. ರಾತ್ರಿ ಹತ್ತು ದಾಟಿದ್ದರೂ ಪರವಾಗಿಲ್ಲ, ಎತ್ತುತ್ತೇನೆ.